ಹಗ್ಗದ ಎರಡು ತುದಿ

ಆ ಊರಿಗೆ ಎರಡು ದಡ. ನಡುವೆ ಹುದುಲು, ಕಾಲು ನುಂಗುವ ಕೆಸರು. ಹುದುಲು ಬೆಳ್ಳಗಿದೆ. ನೋಡಿದರೆ ನೆಲದಂತಿದೆ. ಕಾಲಿಟ್ಟರೆ ನೆಲವಲ್ಲ.

ಬೆಳಗ್ಗೆ ನೀರು ಇಳಿಯುತ್ತದೆ. ಆಗ ದಾಟಬಹುದು. ಹೊತ್ತು ಇಳಿಯುವಾಗ ನೀರು ಮರಳಿ ಬರುತ್ತದೆ. ಆಮೇಲೂ ಹುದುಲಿನ ಮೇಲಿದ್ದವರನ್ನು ಯಾರೂ ಮತ್ತೆ ನೋಡಿಲ್ಲ.

ಒಬ್ಬರೇ ದಾಟುವಂತಿಲ್ಲ. ಒಂದೇ ಹಗ್ಗದ ಎರಡು ತುದಿಗಳನ್ನು ಇಬ್ಬರ ಸೊಂಟಕ್ಕೆ ಕಟ್ಟುತ್ತಾರೆ. ಇಬ್ಬರ ಕೈಗೂ ಒಂದೊಂದು ಚೂರಿ ಕೊಡುತ್ತಾರೆ. ಹಗ್ಗ ಇರುವುದು ಜಾರಿದವರನ್ನು ಹಿಡಿಯಲು. ಚೂರಿ ಇರುವುದು ಮುಳುಗಿದವರನ್ನು ಬಿಡಲು. ಕೆಸರು ಸೊಂಟದ ಗಂಟನ್ನು ಮುಟ್ಟಿತೆಂದರೆ ಮುಳುಗಿದಂತೆ. ಆಗ ಮತ್ತೊಬ್ಬರು ಕೊಯ್ಯಬೇಕು. ಇದು ಅಲ್ಲಿಯ ಕಟ್ಟಳೆ.

ಗಂಡ ಹೆಂಡತಿಯನ್ನು ಒಂದೇ ಹಗ್ಗಕ್ಕೆ ಕಟ್ಟುವುದಿಲ್ಲ. ಅಣ್ಣ ತಮ್ಮಂದಿರನ್ನು ಕಟ್ಟುವುದಿಲ್ಲ. ತಾಯಿ ಮಗನನ್ನು ಕಟ್ಟುವುದಿಲ್ಲ. ಅವರು ಕೊಯ್ಯುವುದಿಲ್ಲ. ಪರಿಚಯವಿಲ್ಲದವರನ್ನೇ ಕಟ್ಟುತ್ತಾರೆ.

ಹಿಂದಿನ ಕಾಲದಲ್ಲಿ ಮುಳುಗಿದರೆ ಇಬ್ಬರೂ ಮುಳುಗುತ್ತಿದ್ದರಂತೆ. ಈಗ ಒಬ್ಬರಾದರೂ ಉಳಿಯುತ್ತಾರೆ. ಊರಿನವರು ಇದನ್ನು ಕರುಣೆ ಎನ್ನುತ್ತಾರೆ.

ಆಚೆ ದಡದಲ್ಲಿ ಒಂದು ಕಂಬ. ಒಬ್ಬರೇ ಬಂದು ಸೇರಿದವರು ಸೊಂಟದಲ್ಲಿ ಉಳಿದ ಹಗ್ಗದ ತುಂಡನ್ನು ಬಿಚ್ಚಿ ಆ ಕಂಬಕ್ಕೆ ಕಟ್ಟಬೇಕು. ಈಗ ಕಂಬ ಕಾಣುವುದಿಲ್ಲ. ತುಂಡುಗಳೇ ಕಾಣುತ್ತವೆ. ಗಾಳಿಗೆ ಅಲ್ಲಾಡುತ್ತವೆ. ಎಲ್ಲವೂ ಉಳಿದವರ ತುದಿ. ಇನ್ನೊಂದು ತುದಿ ಹುದುಲಿನೊಳಗೆ.

ಈಚೆ ದಡಕ್ಕೆ ಸುವಾರ್ತೆಯವನು ಬಂದ.

ಅವನು ಊರಿಂದೂರಿಗೆ ತನ್ನ ಕರ್ತನ ಸುದ್ದಿ ಒಯ್ಯುವವನು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಛತ್ರದಲ್ಲಿ ಹೇಳಿದ್ದ. ಬಾವಿಕಟ್ಟೆಯಲ್ಲಿ ಹೇಳಿದ್ದ. ಗಾಡಿಗಳ ಹಿಂದೆ ನಡೆಯುತ್ತ ಹೇಳಿದ್ದ. ಅದೇ ಮಾತು, ಅದೇ ಕ್ರಮ. ಮೊದಲು ಪಾಪ. ಆಮೇಲೆ ತೀರ್ಪು. ಕೊನೆಗೆ ನಂಬು ಎನ್ನುವುದು. ತೀರ್ಪು ಬರುವ ಹೊತ್ತಿಗೆ ಕೇಳುವವರು ಎದ್ದು ಹೋಗಿರುತ್ತಿದ್ದರು.

ಹಗ್ಗ ನೋಡಿ ಅವನಿಗೆ ಸಂತೋಷವಾಯಿತು. ಕಟ್ಟಿದವರು ಎದ್ದು ಹೋಗಲಾರರು.

ಅವನ ತಲೆಯ ಮೇಲೊಂದು ಗಂಟು. ಗಂಟಿನಲ್ಲಿ ಒಗೆದು ಮಡಿಸಿದ ಬಿಳಿ ಪಂಚೆ. ಆಚೆ ದಡ ಸೇರಿ, ಅದನ್ನು ಉಟ್ಟು, ಎತ್ತರದಲ್ಲಿ ನಿಂತು ಮಾತಾಡಬೇಕೆಂದು ಇಟ್ಟುಕೊಂಡಿದ್ದ.

ಸೂಲಗಿತ್ತಿ ಏದುಸಿರು ಬಿಡುತ್ತ ಬಂದಳು. ವಯಸ್ಸಾದವಳು. ದಪ್ಪ ಕೈ. ಕಂಕುಳಲ್ಲಿ ಹಳೆ ಸೀರೆಗಳ ಗಂಟು, ಹುಟ್ಟುವ ಕೂಸಿಗೆಂದು ಒಗೆದದ್ದು. ಆಚೆ ದಡದಲ್ಲಿ ಒಬ್ಬಳಿಗೆ ನೋವು ಬಂದಿತ್ತು. ಕೂಸು ಅಡ್ಡ ಇದೆ ಎಂದು ಕೂಗಿ ಹೇಳಿದ್ದರು. ಆಚೆ ದಡಕ್ಕೆ ಸೂಲಗಿತ್ತಿ ಇಲ್ಲ. ಇದ್ದವಳು ಹುದುಲಿನಲ್ಲಿದ್ದಾಳೆ.

"ಯಾರಿದ್ದಾರೋ ಜೊತೆಗೆ? ಯಾರಾದರೂ ಸರಿ. ಬೇಗ ಕಟ್ಟು," ಎಂದಳು.

ಹಗ್ಗದವನು ಇಬ್ಬರನ್ನೂ ಕಟ್ಟಿದ. ಗಂಟು ಎಳೆದು ನೋಡಿದ.

"ಅಷ್ಟು ಬಿಗೀಬೇಡವೋ. ನಾನೇನು ತಪ್ಪಿಸ್ಕೊಂಡು ಹೋಗೋ ಎಮ್ಮೆಯಾ?"

"ಎಮ್ಮೆಯಾದರೆ ಒಂಟಿಯಾಗೇ ಬಿಡ್ತಿದ್ದೆ, ಅಜ್ಜೀ. ಎಮ್ಮೆಗೆ ದಾರಿ ಗೊತ್ತಿರ್ತದೆ."

ಹಗ್ಗದವನು ಇಬ್ಬರಿಗೂ ಚೂರಿ ಕೊಟ್ಟ. ದನಿ ಬದಲಿಸಿದ.

"ಮುಳುಗಿದರೆ?"

"ಕೊಯ್ಯುತ್ತೇನೆ," ಎಂದಳು ಸೂಲಗಿತ್ತಿ.

"ಮುಳುಗಿದರೆ?"

"ಕೊಯ್ಯುತ್ತೇನೆ," ಎಂದ ಸುವಾರ್ತೆಯವನು.

ಇಬ್ಬರೂ ಹುದುಲಿಗೆ ಇಳಿದರು.

ಒಬ್ಬರು ಹೆಜ್ಜೆ ಇಡುವಾಗ ಇನ್ನೊಬ್ಬರು ನಿಲ್ಲಬೇಕು. ಅವಳು ಹೆಜ್ಜೆ ಇಟ್ಟಳು, ಅವನು ನಿಂತ. ಅವನು ಹೆಜ್ಜೆ ಇಟ್ಟ, ಅವಳು ನಿಂತಳು. ನಡುವೆ ಹಗ್ಗ. ಹಗ್ಗ ಸಡಿಲ, ಹಗ್ಗ ಬಿಗಿ. ಬೆಳ್ಳನೆಯ ನೆಲ ಕಾಲ ಕೆಳಗೆ ಉಸಿರಾಡುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವನು ಕೇಳಿದ.

"ಅಮ್ಮಾ, ನಿಮಗೊಂದು ಮಾತು ಹೇಳಲಾ?"

"ಹೇಳು. ಬೇಡ ಅಂದರೆ ಎಲ್ಲಿಗೆ ಹೋಗಲಿ?"

"ಈ ಕ್ಷಣ ಮುಳುಗಿದರೆ ನಿಮ್ಮ ಗತಿಯೇನು? ಯೋಚಿಸಿದ್ದೀರಾ?"

"ಕೆಸರು."

"ಕೆಸರಿನ ಆಮೇಲೆ?"

ಅವಳು ಕಾಲೆತ್ತಿ ಇಟ್ಟಳು. ಅವನು ಬರುವವರೆಗೆ ಕಾದಳು.

"ನೋಡು ತಮ್ಮಾ. ಹೆರಿಗೆ ಕೋಣೆಗೆ ಬಂದು ಹೆದರಿಸೋರನ್ನ ನಾನು ಹೊರಗೆ ಕಳಿಸ್ತೀನಿ. ನಿನ್ನನ್ನ ಕಳಿಸೋಕಾಗಲ್ಲ. ಕಟ್ಟಿಹಾಕಿದ್ದಾರೆ."

ಅವನು ನಿಲ್ಲಿಸಲಿಲ್ಲ. ಪಾಪದ ಮಾತು ಹೇಳಿದ. ತೀರ್ಪಿನ ಮಾತು ಹೇಳಿದ. ಅವಳು ಕಾಲಿಡುವ ಜಾಗ ನೋಡುತ್ತಿದ್ದಳು. ಅವನು ದನಿ ಏರಿಸಿದ.

"ಮನುಷ್ಯ ಮತ್ತೆ ಹುಟ್ಟಬೇಕು!"

ಅವಳು ತಿರುಗಿ ನೋಡಿದಳು.

"ಯಾರು?"

"ಎಲ್ಲರೂ. ನೀವೂ. ನಾನೂ."

ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಒಂದು ಸಲ ಹೊರಗೆ ತರೋಕೇ ನನ್ನ ಸೊಂಟ ಮುರೀತದೆ. ನಿನ್ನಂಥ ಆಳನ್ನ ಯಾರಪ್ಪಾ ಹೆರ್ತಾರೆ?"

ಅವನ ಮುಖ ಕೆಂಪಾಯಿತು. "ನಗುವ ಮಾತಲ್ಲ ಇದು. ಅವನು ನಿಮ್ಮನ್ನು ಎಂದಿಗೂ ಕೈಬಿಡುವವನಲ್ಲ. ಅಂಥವನನ್ನು..."

"ಈಗಷ್ಟೇ ಕೊಯ್ಯುತ್ತೇನೆ ಅಂದ ಬಾಯಿ ಅಲ್ಲವಾ ಇದು?"

ಅಷ್ಟರಲ್ಲೇ ಅವಳ ಎಡಗಾಲು ಜಾರಿತು. ಮೊಳಕಾಲವರೆಗೆ ಇಳಿಯಿತು. ಹಗ್ಗ ಎಳೆಯಿತು. ಈಚೆ ದಡದಲ್ಲಿ ಹಗ್ಗದವನು ಹಲಗೆ ಬಡಿದ. ಯಾರ ಕಾಲಾದರೂ ಕೆಸರಿನಲ್ಲಿ ಹೂತರೆ ಹಲಗೆ ಬಡಿಯುತ್ತಾರೆ.

ಅವಳು ಸೀರೆಗಳ ಗಂಟನ್ನು ಕೆಸರಿನ ಮೇಲೆ ಒತ್ತಿ, ಮೈ ಓರೆ ಮಾಡಿ, ಕಾಲು ಕಿತ್ತುಕೊಂಡಳು. ನಿಂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಅವನತ್ತ ನೋಡಿದಳು.

ಅವನ ಚೂರಿ ಹಗ್ಗದ ಮೇಲಿತ್ತು. ತೆಗೆದದ್ದು ಅವನಿಗೇ ಗೊತ್ತಿರಲಿಲ್ಲ.

"ಕೈ ಚುರುಕಾಗಿದೆ," ಎಂದಳು. "ಮೊಳಕಾಲಿಗೇ ತೆಗೆದೆಯಲ್ಲೋ. ಸೊಂಟದ ಗಂಟಿನ ತನಕವಾದರೂ ಕಾಯಬಾರದಾ?"

ಅವನು ಚೂರಿ ಸೊಂಟಕ್ಕೆ ಸಿಕ್ಕಿಸಿದ. ಅವಳು ಹೆಜ್ಜೆ ಇಟ್ಟಳು, ಅವನು ನಿಂತ. ಅವನು ಹೆಜ್ಜೆ ಇಟ್ಟ, ಅವಳು ನಿಂತಳು. ಬಿಸಿಲು ಬೆಳ್ಳಗೆ ಕುದಿಯುತ್ತಿತ್ತು. ಈಚೆ ದಡ ಸಣ್ಣದಾಯಿತು. ಆಚೆ ದಡ ದೊಡ್ಡದಾಗಲಿಲ್ಲ.

"ಏನೋ ಹೇಳ್ತಿದ್ದೆ," ಎಂದಳು ಅವಳು. "ಕೈಬಿಡೋನಲ್ಲ ಅಂದೆ. ಯಾರು ಅವನು?"

"ಹೇಳಲು ನನಗೆ ಮುಖವಿಲ್ಲ."

"ನಿನ್ನ ಮುಖ ಯಾರಿಗೆ ಬೇಕು? ನೀನು ನನ್ನ ಹಿಂದಿದ್ದೀಯ. ಹೇಳು. ದಾರಿ ಸಾಗಲಿ."

ಅವನು ಮೆಲ್ಲಗೆ ಹೇಳಿದ. ಕ್ರಮ ತಪ್ಪಿತ್ತು. ಪಾಪ ಮೊದಲು ಬರಲಿಲ್ಲ.

"ಒಬ್ಬ ಕುರುಬ ಇದ್ದ. ದೊಡ್ಡ ಹಿಂಡು. ಸಂಜೆ ದೊಡ್ಡಿಗೆ ಕೂಡುವಾಗ ಒಂದು ಕುರಿ ಇರಲಿಲ್ಲ. ಉಳಿದದ್ದನ್ನೆಲ್ಲ ಬಿಟ್ಟು ಅದನ್ನು ಹುಡುಕಿಕೊಂಡು ಹೋದ."

"ಉಳಿದದ್ದನ್ನ ಯಾರು ಕಾದರು?"

"ಗೊತ್ತಿಲ್ಲ."

"ಆ ಕುರಿ ಕೆಸರಲ್ಲಿ ಸಿಕ್ಕಿತ್ತಾ?"

"ಹೇಳಿಲ್ಲ."

"ಸಿಕ್ಕಿರ್ತದೆ. ಇಲ್ಲಾಂದರೆ ತಾನೇ ಬರ್ತಿತ್ತು. ಆಮೇಲೆ?"

"ಸಿಗುವ ತನಕ ಹುಡುಕಿದ. ಸಿಕ್ಕಾಗ ಹೊಡೆಯಲಿಲ್ಲ. ಹೆಗಲ ಮೇಲೆ ಹೊತ್ತು ತಂದ."

ಅವಳು ಇನ್ನೆರಡು ಹೆಜ್ಜೆ ಮುಂದೆ ಹೋದಳು.

"ಕೆಸರಿನ ಕುರಿ ಭಾರ ಇರ್ತದೆ. ಉಣ್ಣೆಯೆಲ್ಲ ನೆಂದಿರ್ತದೆ," ಎಂದಳು. "ಇದು ಕಥೆಯಾ? ನಡೆದದ್ದಾ?"

"ಕಥೆ ಹೇಳಿದವನೇ ಆ ಕುರುಬ. ಹೇಳಿ ಸುಮ್ಮನಿರಲಿಲ್ಲ. ತಾನೇ ಇಳಿದ. ಎಲ್ಲರೂ ಮುಳುಗುವ ಜಾಗಕ್ಕೆ. ಅವನನ್ನು ಮರಕ್ಕೆ ಜಡಿದು ಕೊಂದರು. ಸಾವಿನೊಳಗೆ ಹೋದ. ಅಲ್ಲಿಂದ ಎದ್ದು ಬಂದ."

"ಒಬ್ಬನೇ ಬಂದನಾ?"

ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಛತ್ರದಲ್ಲಿ ಕೇಳಿರಲಿಲ್ಲ. ಬಾವಿಕಟ್ಟೆಯಲ್ಲಿ ಕೇಳಿರಲಿಲ್ಲ.

"ಇಲ್ಲ," ಎಂದ. "ಒಬ್ಬನೇ ಬರಲಿಲ್ಲ. ನಮ್ಮನ್ನೂ..."

ಅವನ ಕಾಲ ಕೆಳಗೆ ನೆಲ ಇರಲಿಲ್ಲ.

ಒಂದು ಕಾಲಲ್ಲ, ಎರಡೂ ಇಳಿದವು. ಮೊಳಕಾಲು ಹೋಯಿತು. ತೊಡೆ ಹೋಯಿತು. ಹಲಗೆಯ ಸದ್ದು ಕೇಳಿತು. ಅವನು ಒದ್ದ. ಒದ್ದಷ್ಟೂ ಇಳಿದ. ಚೂರಿ ಕೆಸರಿಗೆ ಬಿತ್ತು, ಕಾಣದಾಯಿತು. ಕೆಸರು ಸೊಂಟದ ಗಂಟನ್ನು ಮುಟ್ಟಿತು.

ಹಲಗೆಯ ಸದ್ದು ನಿಂತಿತು. ಈಚೆ ದಡದಿಂದ ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು.

"ಕೊಯ್ಯಿ!"

ಸೂಲಗಿತ್ತಿಯ ಕೈಯಲ್ಲಿ ಚೂರಿ ಇತ್ತು.

ಆಚೆ ದಡದಿಂದ ಕಂಬದವನು ಕೂಗಿದ. ಕಂಬ ಕಾಯುವವನು ಅವನು. "ಕೊಯ್ಯಿ ಅಜ್ಜೀ! ಇಲ್ಲಿ ಹೆಣ್ಣುಮಗಳು ನರಳ್ತಿದ್ದಾಳೆ! ನೀನು ಬಾರದಿದ್ದರೆ ಎರಡು ಜೀವ!"

ಸುವಾರ್ತೆಯವನು ತಲೆಯ ಗಂಟನ್ನು ಅವಳತ್ತ ಎಸೆದ. "ಅವನು ಹೇಳುವುದು ಸರಿ. ಅಲ್ಲಿ ಎರಡು ಜೀವ. ಇಲ್ಲಿ ಒಂದು. ಕೊಯ್ಯಿ ಅಮ್ಮಾ."

"ನಿನ್ನ ಕುರುಬ ಎಣಿಸಿದನಾ?"

"ಏನು?"

"ದೊಡ್ಡಿಗೆ ಕೂಡುವಾಗ. ಎಣಿಸಿದನಾ?"

ಕೆಸರು ಎದೆಗೆ ಬಂದಿತ್ತು.

"ಎಣಿಸಿದ."

"ಎಣಿಸಿ?"

"ಒಂದು ಕಡಿಮೆ ಇತ್ತು."

"ಅಷ್ಟೇ," ಎಂದಳು. ಚೂರಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಕೂಸಿಗೆಂದು ಒಗೆದ ಸೀರೆಗಳನ್ನು ಬಿಚ್ಚಿ ಕೆಸರಿನ ಮೇಲೆ ಹಾಸಿದಳು. ಅವನ ಪಂಚೆಯ ಗಂಟನ್ನು ತಲೆಗೆ ಕಟ್ಟಿಕೊಂಡಳು. ಸೀರೆಗಳ ಮೇಲೆ ಅಂಗಾತ ಮಲಗಿದಳು. ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡಳು.

"ಕೊಯ್ಯಿ!" ಎಂದಿತು ಈಚೆ ದಡ.

"ಕೊಯ್ಯಿ!" ಎಂದಿತು ಆಚೆ ದಡ.

"ಕೊಯ್ಯಿ," ಎಂದ ಅವನೂ. "ನಾನೇ ಹೇಳುತ್ತಿದ್ದೇನೆ. ನಿನ್ನ ಮೇಲೆ ದೋಷವಿಲ್ಲ."

ಅವಳು ಹಲ್ಲಿನಿಂದ ಚೂರಿ ತೆಗೆದು ಕೆಸರಿಗೆ ಚುಚ್ಚಿ ನಿಲ್ಲಿಸಿದಳು. "ನಿನ್ನ ಬಾಯಿ ಕೊಯ್ಯಿ ಅಂತದೆ. ನಿನ್ನ ಕೈ ನೋಡು. ಹಗ್ಗ ಹಿಡಿದು ಬೆರಳು ಬೆಳ್ಳಗಾಗಿದೆ. ಯಾವುದನ್ನ ಕೇಳಲಿ?"

ಅವನು ಕೈ ನೋಡಿಕೊಂಡ. ಬಿಡಲು ನೋಡಿದ. ಬಿಡಲಿಲ್ಲ.

"ನಂಗೆ ಹೆದರಿಕೆ," ಎಂದ.

"ಹೂಂ. ಈಗ ಸರಿಯಾಗಿ ಮಾತಾಡಿದೆ. ಒದೀಬೇಡ. ಉಸಿರು ಬಿಡು. ಪೂರ್ತಿ ಬಿಡು."

ಅವನು ಉಸಿರು ಬಿಟ್ಟ.

"ಈಗ ಒಂದು ಭುಜ ತಿರುಗಿಸು. ಎರಡೂ ಅಲ್ಲ, ಒಂದು. ಎರಡೂ ಒಟ್ಟಿಗೆ ಬರಲ್ಲ. ತಲೆ ಹಿಂದಕ್ಕೆ ಹಾಕು. ಹಾಗೆ. ತಡೆ. ನಾನು ಅಂದಾಗ."

ಅವಳು ಎಳೆದಳು. ಅವನು ಬರಲಿಲ್ಲ. ಇಳಿಯಲೂ ಇಲ್ಲ. ಕೆಸರು ಕತ್ತಿನ ಹತ್ತಿರ ನಿಂತಿತು. ಅವಳು ಎಳೆದಳು, ನಿಂತಳು. ಎಳೆದಳು, ನಿಂತಳು. ನೋವು ಬಂದು ಹೋಗುವ ಹಾಗೆ. ಹಗ್ಗ ಅವಳ ಅಂಗೈ ಕೊರೆಯಿತು. ಹಗ್ಗ ಕೆಂಪಾಯಿತು.

ಬಿಸಿಲು ಓರೆಯಾಯಿತು. ದಡದವರು ಕೂಗುವುದನ್ನು ನಿಲ್ಲಿಸಿದರು. ಕಟ್ಟಳೆ ಮುರಿದವರನ್ನು ಅವರು ನೋಡಿರಲಿಲ್ಲ. ಏನೆಂದು ಕೂಗಬೇಕೋ ಅವರಿಗೆ ತಿಳಿಯಲಿಲ್ಲ.

ಆಮೇಲೆ ದೂರದಲ್ಲಿ ಒಂದು ಗೆರೆ ಹೊಳೆಯಿತು.

"ನೀರು," ಎಂದ ಅವನು.

"ನೋಡಿದೆ."

"ಇನ್ನೂ ಹೊತ್ತಿದೆ. ಕೊಯ್ದು ಓಡು."

"ಇನ್ನೂ ಹೊರಗೆ ಬಂದಿಲ್ಲ ನೀನು. ಹೊರಗೆ ಬರೋ ಮೊದಲು ನಾನು ಯಾವ ಹೊಕ್ಕುಳ ಬಳ್ಳೀನೂ ಕೊಯ್ದೋಳಲ್ಲ."

ನೀರು ಸದ್ದಿಲ್ಲದೆ ಬಂತು. ತೆಳ್ಳಗೆ ಬಂತು. ಅವಳ ಹಿಮ್ಮಡಿ ಮುಟ್ಟಿತು. ಬೆನ್ನಿನ ಕೆಳಗೆ ಹರಿಯಿತು. ಕಿವಿಗೆ ಬಂತು. ಅವಳು ಕಣ್ಣು ಮುಚ್ಚಿದಳು. ಹಗ್ಗ ಬಿಡಲಿಲ್ಲ.

ನೀರು ಅವನ ಕತ್ತನ್ನು ಸುತ್ತಿತು. ಕೆಸರಿನೊಳಕ್ಕೆ ಇಳಿಯಿತು.

ಆಗ ಕೆಸರು ಬಾಯಿ ಬಿಟ್ಟಿತು.

ನೀರು ಬಂದರೆ ಹುದುಲಿನ ಹಿಡಿತ ಸಡಿಲುತ್ತದೆ. ಇದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಳುಗಿದವರನ್ನು ಹಿಡಿದುಕೊಂಡು ನೀರು ಬರುವವರೆಗೆ ಯಾರೂ ಕಾದಿರಲಿಲ್ಲ. ಅದಕ್ಕೂ ಮೊದಲೇ ಕೊಯ್ಯುತ್ತಿದ್ದರು.

"ಈಗ!" ಎಂದು ಕಿರುಚಿದಳು.

ಅವನು ಒಂದು ಭುಜ ತಿರುಗಿಸಿದ. ಭುಜ ಬಂತು. ಇನ್ನೊಂದು ಬಂತು. ಅವಳು ಎಳೆದಳು. ಎದೆ ಬಂತು, ಸೊಂಟ ಬಂತು, ಕಾಲು ಬಂತು. ಅವನು ಅವಳ ಪಕ್ಕಕ್ಕೆ ಬಂದು ಬಿದ್ದ. ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ. ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳು ಬಾಯೊಳಗೆ ಬೆರಳು ಹಾಕಿ ಕೆಸರು ತೆಗೆದಳು. ಬೆನ್ನಿಗೆ ಬಡಿದಳು.

"ಅಳು," ಎಂದಳು.

ಅವನು ಕೆಮ್ಮಿದ. ಆಮೇಲೆ ಅತ್ತ.

"ಸಾಕು. ನಡಿ. ಅಲ್ಲಿ ಇನ್ನೊಂದು ಕಾದಿದೆ."

ಅವಳು ಚೂರಿ ಕಿತ್ತುಕೊಂಡಳು. ಸೀರೆಗಳು ನೀರಿನಲ್ಲಿ ಹೋದವು. ಅವರು ನಡೆಯಲಿಲ್ಲ, ಈಜಲಿಲ್ಲ. ಅವಳು ಬಿದ್ದಾಗ ಹಗ್ಗ ಅವನನ್ನು ಎಳೆಯಿತು, ಅವನು ಎತ್ತಿದ. ಅವನು ಬಿದ್ದಾಗ ಹಗ್ಗ ಅವಳನ್ನು ಎಳೆಯಿತು, ಅವಳು ಎತ್ತಿದಳು. ನೀರು ಎದೆಗೆ ಏರುವಾಗ ಕಾಲಿಗೆ ಕಲ್ಲು ಸಿಕ್ಕಿತು. ಆಚೆ ದಡದ ಕಲ್ಲು.

ಹೆರಿಗೆಯ ಮನೆ ಕಂಬದ ಪಕ್ಕದಲ್ಲೇ ಇತ್ತು. ಒಳಗಿನಿಂದ ನರಳುವ ದನಿ ಬರುತ್ತಿತ್ತು. ದನಿ ಸಣ್ಣದಾಗಿತ್ತು. ಸೂಲಗಿತ್ತಿ ಬಾಗಿಲಿಗೆ ಹೋದಳು. ಅವನೂ ಹಿಂದೆ ಹೋಗಬೇಕಾಯಿತು. ಹಗ್ಗ ಇತ್ತಲ್ಲ. ಅವಳು ಗಂಟು ಬಿಚ್ಚಲು ನೋಡಿದಳು. ಗಂಟು ನೀರು ಕುಡಿದು ಕಲ್ಲಾಗಿತ್ತು.

ಅವಳು ಚೂರಿ ಎತ್ತಿದಳು. ಅವನು ಬೆಚ್ಚಿದ.

"ಈಗ ಹೊರಗೆ ಬಂದಿದ್ದೀಯ," ಎಂದಳು.

ನಡುವೆ ಕೊಯ್ದಳು. ತನ್ನ ಸೊಂಟದ ತುಂಡನ್ನೂ ಕೊಯ್ದು ಹೊಸ್ತಿಲ ಹೊರಗೆ ಎಸೆದಳು. ಬಕೆಟ್ಟಿನ ನೀರಿಗೆ ಕೈ ಅದ್ದಿದಳು. ನೀರು ಕೆಂಪಾಯಿತು.

"ಬಟ್ಟೆ ಹೋಯ್ತು," ಎಂದಳು. "ಕೂಸನ್ನ ಯಾವುದರಲ್ಲಿ ಸುತ್ತಲಿ?"

ಅವನು ಅವಳ ತಲೆಯ ಮೇಲಿನ ಗಂಟು ಬಿಚ್ಚಿದ. ಪಂಚೆಯ ಹೊರ ಮಡಿಕೆ ಒದ್ದೆಯಾಗಿತ್ತು. ಒಳಗೆ ಒಣಗಿತ್ತು. ಕೊಟ್ಟ.

ಅವಳು ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಆ ಕುರುಬನ ಹೆಸರು ಹೇಳಲೇ ಇಲ್ಲ ನೀನು. ಅಷ್ಟು ದೂರ ಬಡಕೊಂಡೆ."

"ಯೇಸು," ಎಂದ.

ಅವಳು ಒಮ್ಮೆ ತುಟಿಯಲ್ಲೇ ಅಂದುಕೊಂಡಳು. ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಅವಳ ದನಿ ಕೇಳಿತು.

"ಹೆದರಬೇಡ ಮಗಾ. ಬಂದಿದ್ದೀನಿ. ಬಿಟ್ಟು ಹೋಗೋಳಲ್ಲ ನಾನು. ಉಸಿರು ಬಿಡು. ಪೂರ್ತಿ ಬಿಡು."

ಅವನು ಹೊರಗೆ ನಿಂತ. ಸೊಂಟದಲ್ಲಿ ತುಂಡು ಹಗ್ಗ ನೇತಾಡುತ್ತಿತ್ತು.

ಕಂಬದವನು ಬಂದ. ಹೊಸ್ತಿಲ ಹೊರಗೆ ಬಿದ್ದಿದ್ದ ತುಂಡನ್ನು ಎತ್ತಿಕೊಂಡ. ಸುವಾರ್ತೆಯವನ ಸೊಂಟದ ತುಂಡನ್ನು ನೋಡಿದ. ಕೈಯಲ್ಲಿದ್ದುದನ್ನು ನೋಡಿದ. ಎರಡನ್ನೂ ಒಂದಕ್ಕೊಂದು ಹಿಡಿದು ನೋಡಿದ. ಕೊಯ್ದ ಗುರುತು ಹೊಂದಿತು.

"ಕೊಯ್ದ ಹಗ್ಗವನ್ನು ಕಂಬಕ್ಕೆ ಕಟ್ಟಬೇಕು," ಎಂದ. "ಅದು ಕಟ್ಟಳೆ. ಆದರೆ ಈ ಕಂಬ ಎರಡೂ ತುದಿ ಕಂಡಿಲ್ಲ. ಮುಳುಗಿದವರು ಯಾರು?"

"ನಾನು."

"ಮುಳುಗಿದವರು ಇಲ್ಲಿ ನಿಲ್ಲೋದಿಲ್ಲ, ಸ್ವಾಮೀ."

ಕಂಬದವನ ಕೈ ತನ್ನ ಸೊಂಟಕ್ಕೆ ಹೋಯಿತು. ಅಲ್ಲಿ ಹಗ್ಗ ಇರಲಿಲ್ಲ. ಎಂದೋ ಬಿಚ್ಚಿ ಕಟ್ಟಿದ್ದ. ಕಂಬದಲ್ಲಿ ಎಲ್ಲೋ ಅವನದೂ ಒಂದು ತುಂಡು ಇತ್ತು. ಆ ಊರಿನಲ್ಲಿ ಬಹಳ ಜನರದು ಇತ್ತು. ಅವರೂ ಒಬ್ಬೊಬ್ಬರಾಗಿ ಬಂದು ಕೂತರು. ಎಲ್ಲರೂ ಕೆಸರು ಮೆತ್ತಿದ ಆ ಮನುಷ್ಯನನ್ನು ನೋಡುತ್ತಿದ್ದರು. ಯಾರೂ ಎದ್ದು ಹೋಗುವಂತೆ ಕಾಣಲಿಲ್ಲ.

ಒಳಗೆ ಕೂಸು ಅತ್ತಿತು. ತಡವಾಗಿ ಅತ್ತಿತು. ಆದರೆ ಅತ್ತಿತು.

ಕಂಬದವನು ಎರಡು ತುದಿಗಳನ್ನೂ ಹಿಡಿದು ನಿಂತೇ ಇದ್ದ.

"ಹೇಳಿ," ಎಂದ. "ಏನಾಯಿತು?"

ಸುವಾರ್ತೆಯವನು ಎತ್ತರದ ಜಾಗ ಹುಡುಕಲಿಲ್ಲ. ಅವರ ನಡುವೆ ನೆಲದ ಮೇಲೆ ಕೂತ. ಹಳೆಯ ಕ್ರಮ ನೆನಪು ಮಾಡಿಕೊಂಡ. ಅದು ಬಾಯಿಗೆ ಬರಲಿಲ್ಲ.

"ನಾನು ಮುಳುಗಿದ್ದೆ," ಎಂದ.